ಕಣ ತುಂಬಿದ ಮೇಲೆ ಗುಡಿಸಲೇಕೆ? ಯೆಹೂದಿಗಳ ಸುಕ್ಕೋತ್ ಹಬ್ಬದ ಅರ್ಥ

ಪ್ರಶ್ನೆ: ಕೆಲಸದ ಮೇಲೆ ಇಸ್ರೇಲ್‌ನಲ್ಲಿದ್ದೇನೆ. ಸುಕ್ಕೋತ್ ಹಬ್ಬಕ್ಕೆ ಸಹೋದ್ಯೋಗಿಯ ಮನೆಯವರು ಊಟಕ್ಕೆ ಕರೆದಿದ್ದಾರೆ. ಕನ್ನಡ ಬೈಬಲಿನಲ್ಲಿ ಇದನ್ನು ಪರ್ಣಶಾಲೆಗಳ ಹಬ್ಬ ಎಂದು ಓದಿದ ನೆನಪು. ಇದು ಸುಗ್ಗಿಯ ಹಬ್ಬ ಅನ್ನುತ್ತಾರೆ. ಹಾಗಿದ್ದರೆ ತುಂಬಿದ ಮನೆ ಬಿಟ್ಟು ಗುಡಿಸಲಲ್ಲಿ ಕೂರುವುದೇಕೆ? ಗುಡಿಸಲಿನ ಅಳತೆಗೆ, ಮೇಲೆ ಹೊದಿಸುವ ಸೊಪ್ಪಿಗೆ ಬಹಳ ಕಟ್ಟಳೆಗಳಿವೆಯಂತೆ. ಅವುಗಳಲ್ಲಿ ಆಧ್ಯಾತ್ಮಿಕ ಅರ್ಥ ಏನಾದರೂ ಇದೆಯೇ, ಇಲ್ಲಾ ಬರೀ ಸಂಪ್ರದಾಯವೇ? ಯೆಹೂದಿಯಲ್ಲದ ನಾನು ಅಲ್ಲಿ ಹೋಗಿ ಕೂರಬಹುದೇ?

ಉತ್ತರ: ಕಟ್ಟಳೆಗಳನ್ನು ಪಕ್ಕಕ್ಕಿಟ್ಟು ಅರ್ಥ ಹುಡುಕಿದರೆ ಈ ಹಬ್ಬ ಕೈಗೆ ಸಿಗುವುದಿಲ್ಲ. ಸುಕ್ಕೋತ್ ತನ್ನ ಮಾತನ್ನೆಲ್ಲ ಗುಡಿಸಲಿನ ಛಾವಣಿಯ ಮೂಲಕವೇ ಹೇಳುತ್ತದೆ. ಆದ್ದರಿಂದ ಉತ್ತರವೂ ಹೆಚ್ಚಿನ ಪಾಲು ಛಾವಣಿಯ ಬಗ್ಗೆಯೇ ಇರುತ್ತದೆ.

ಮೊದಲು ಕಾಲವನ್ನು ಗಮನಿಸಿ. ಯೆಹೂದಿ ಪಂಚಾಂಗದ ತಿಷ್ರಿ ತಿಂಗಳ 15ರಂದು, ಅಂದರೆ ಹುಣ್ಣಿಮೆಯ ಹೊತ್ತಿಗೆ, ಹಬ್ಬ ಶುರುವಾಗಿ ಏಳು ದಿನ ನಡೆಯುತ್ತದೆ. 2026ರಲ್ಲಿ ಅದು ಸೆಪ್ಟೆಂಬರ್ 25ರ ಸಂಜೆ ಬರುತ್ತದೆ. ಅದೇ ತಿಂಗಳ 10ರಂದು ಯೋಮ್ ಕಿಪ್ಪುರ್, ಪಾಪಕ್ಷಮೆಯ ಉಪವಾಸದ ದಿನ. ಉಪವಾಸ ಮುಗಿದ ರಾತ್ರಿಯೇ ಗುಡಿಸಲಿನ ಮೊದಲ ಗೂಟ ನೆಡುವ ರೂಢಿ ಅನೇಕ ಮನೆಗಳಲ್ಲಿದೆ.

ಇಸ್ರೇಲ್‌ನಲ್ಲಿ ಬೇಸಿಗೆಯುದ್ದಕ್ಕೂ ಮಳೆಯಿಲ್ಲ. ವಸಂತದಲ್ಲಿ ಜವೆಗೋಧಿ, ಅದರ ಹಿಂದೆ ಗೋಧಿ, ಬೇಸಿಗೆಯ ಕೊನೆಗೆ ದ್ರಾಕ್ಷಿ, ಅಂಜೂರ, ಖರ್ಜೂರ ಕೊಯ್ಲಿಗೆ ಬರುತ್ತವೆ. ತಿಷ್ರಿ ಬರುವ ಹೊತ್ತಿಗೆ ಕಾಳೆಲ್ಲ ಒಳಗೆ ಸೇರಿರುತ್ತದೆ, ದ್ರಾಕ್ಷಾರಸ ಗಡಿಗೆ ತುಂಬಿರುತ್ತದೆ. ಧರ್ಮೋಪದೇಶಕಾಂಡದ 16ನೇ ಅಧ್ಯಾಯ ಹೇಳುವುದೂ ಇದನ್ನೇ: ಕಣದಿಂದಲೂ ದ್ರಾಕ್ಷಿಯ ಆಲೆಯಿಂದಲೂ ಎಲ್ಲವನ್ನೂ ಒಳತಂದ ಮೇಲೆ ಏಳು ದಿನ ಈ ಹಬ್ಬ ಮಾಡಬೇಕು, ಸಂತೋಷಪಡಬೇಕು. ರೈತನಿಗೆ ವರ್ಷದಲ್ಲಿ ಅತಿ ಹೆಚ್ಚು ಧೈರ್ಯ ಇರುವ ವಾರ ಅದು. ಮುಂದಿನ ವರ್ಷದ ಬಗ್ಗೆ ಏನೇನೂ ಗೊತ್ತಿಲ್ಲದ ವಾರವೂ ಅದೇ, ಯಾಕೆಂದರೆ ಮೊದಲ ಮಳೆ ಇನ್ನೂ ಬಿದ್ದಿಲ್ಲ.

ಆ ವಾರದಲ್ಲೇ ಮನೆಯಿಂದ ಹೊರಗೆ ಬಾ ಎನ್ನುತ್ತದೆ ಧರ್ಮ. 12ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಷ್ಬಾಮ್ ಕೊಟ್ಟ ಕಾರಣ ನನಗೆ ಎಲ್ಲಕ್ಕಿಂತ ನೇರವಾಗಿ ಕಾಣುತ್ತದೆ. ಕಣಜ ತುಂಬಿ, ಒಳ್ಳೆಯ ಮನೆಯಲ್ಲಿ ಕೂತವನಿಗೆ ‘ಇದೆಲ್ಲ ನನ್ನ ತೋಳ್ಬಲದಿಂದ ಬಂದದ್ದು’ ಅನ್ನಿಸುವ ಹೊತ್ತು ಇದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಪೂರ್ವಜರು ಅರಣ್ಯದಲ್ಲಿ 40 ವರ್ಷ ನೆಲವೂ ಮನೆಯೂ ಇಲ್ಲದೆ ಅಲೆದದ್ದನ್ನು ನೆನೆಯಲಿ, ಕೊಟ್ಟವನಿಗೆ ಕೃತಜ್ಞನಾಗಲಿ ಎಂದೇ ಈಗ ಹೊರಗೆ ಕರೆದದ್ದು ಎನ್ನುತ್ತಾನೆ. ಈಜಿಪ್ಟಿನಿಂದ ಬಿಡುಗಡೆಯಾದದ್ದು ವಸಂತದಲ್ಲಿ. ಗುಡಿಸಲನ್ನೂ ವಸಂತದಲ್ಲೇ ಕಟ್ಟಬಹುದಿತ್ತು. ಆದರೆ ಹಿತವಾದ ಹವೆಯಲ್ಲಿ ತೋಟದಲ್ಲಿ ನೆರಳು ಹಾಕಿಕೊಂಡು ಕೂರುವುದು ಯಾರಾದರೂ ಮಾಡುವ ಕೆಲಸ. ಚಳಿ ಶುರುವಾಗಿ ಉಳಿದವರು ಒಳಗೆ ಹೋಗುವಾಗ ಹೊರಗೆ ಬಂದರೆ ಮಾತ್ರ ಅದು ಆಜ್ಞೆಗಾಗಿ ಬಂದದ್ದೆಂದು ತಿಳಿಯುತ್ತದೆ.

ಇನ್ನು ಛಾವಣಿಗೆ ಬರೋಣ. ಗುಡಿಸಲಿಗೆ ‘ಸುಕ್ಕಾ’ ಎಂದೂ ಅದರ ಮೇಲಿನ ಹೊದಿಕೆಗೆ ‘ಸ್ಖಾಖ್’ ಎಂದೂ ಹೆಸರು. ಗೋಡೆಗಳ ವಿಷಯದಲ್ಲಿ ಶಾಸ್ತ್ರ ಬಹಳ ಉದಾರ. ಮರ, ಕಲ್ಲು, ಬಟ್ಟೆ, ತಗಡು, ಯಾವುದಾದರೂ ನಡೆಯುತ್ತದೆ; ಸಾಮಾನ್ಯ ಗಾಳಿಗೆ ಅಲ್ಲಾಡದೆ ನಿಂತರೆ ಸಾಕು. ಕಟ್ಟಿಹಾಕಿದ ಆನೆಯನ್ನೂ ಒಂದು ಗೋಡೆಯಾಗಿ ಎಣಿಸಬಹುದು ಎಂದು ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಚರ್ಚಾಗ್ರಂಥ ತಾಲ್ಮುದ್ ಹೇಳುತ್ತದೆ: ಅಕಸ್ಮಾತ್ ಅದು ಸತ್ತು ಬಿದ್ದರೂ ಅದರ ದೇಹ ಗೋಡೆಗೆ ಬೇಕಾದ ಕನಿಷ್ಠ ಎತ್ತರಕ್ಕಿಂತ ಕಡಿಮೆಯಾಗದು ಎಂಬ ಲೆಕ್ಕ. ಛಾವಣಿಯ ವಿಷಯಕ್ಕೆ ಬಂದರೆ ಈ ಔದಾರ್ಯ ನಿಂತುಹೋಗುತ್ತದೆ.

ಸ್ಖಾಖ್‌ಗೆ ಮೂರು ಷರತ್ತು. ಅದು ನೆಲದಲ್ಲಿ ಬೆಳೆದದ್ದಾಗಿರಬೇಕು. ನೆಲದಿಂದ ಕಿತ್ತದ್ದೋ ಕಡಿದದ್ದೋ ಆಗಿರಬೇಕು. ಬೇರು ಬಿಟ್ಟು ನಿಂತ ಬಳ್ಳಿಯನ್ನು ಹಬ್ಬಿಸಿದರೆ ಆಗದು. ಮೂರನೆಯದು, ಮಡಿ-ಮೈಲಿಗೆಯ ನಿಯಮಕ್ಕೆ ಒಳಗಾಗುವ ವಸ್ತು ಆಗಿರಬಾರದು. ಈ ಮೂರನೆಯ ಷರತ್ತೇ ಹಬ್ಬದ ಹೃದಯ ಎಂದು ನನ್ನ ಭಾವನೆ. ಯೆಹೂದಿ ಶಾಸ್ತ್ರದಲ್ಲಿ ಮೈಲಿಗೆ ತಟ್ಟುವುದು ಮನುಷ್ಯ ತನ್ನ ಬಳಕೆಗೆ ಸಿದ್ಧಮಾಡಿಕೊಂಡ ಪಾತ್ರೆ, ಬಟ್ಟೆ, ಸಲಕರಣೆಗಳಿಗೆ ಮತ್ತು ಆಹಾರಕ್ಕೆ. ಹಾಗಾಗಿ ಹಣ್ಣುಗಳನ್ನು ಹೊದಿಸುವಂತಿಲ್ಲ. ಮಲಗಲೆಂದು ಹೆಣೆದ ಚಾಪೆ ಆಗದು, ನೆರಳಿಗೆಂದೇ ಹೆಣೆದ ಚಾಪೆ ಆಗುತ್ತದೆ. ತೆನೆಯ ಸಮೇತ ಹಾಕಿದ ಕಡ್ಡಿಯಲ್ಲಿ ಕಾಳಿನ ಪಾಲು ಹೆಚ್ಚಾದರೆ ಆಗದು, ಕಡ್ಡಿಯ ಪಾಲು ಹೆಚ್ಚಿದ್ದರೆ ಆಗುತ್ತದೆ. ತಾಲ್ಮುದ್ ಇದನ್ನು ‘ಕಣದಿಂದಲೂ ದ್ರಾಕ್ಷಿಯ ಆಲೆಯಿಂದಲೂ’ ಎಂಬ ಮಾತಿನಿಂದಲೇ ಹೊರತೆಗೆಯುತ್ತದೆ: ಕಣದಲ್ಲಿ ಉಳಿದ ಹುಲ್ಲುಕಡ್ಡಿ, ಆಲೆಯ ಬಳಿ ಉಳಿದ ಕೊಂಬೆಬಳ್ಳಿ, ಇವುಗಳಿಂದಲೇ ಛಾವಣಿ. ಕಾಳು ಕಣಜಕ್ಕೆ ಹೋಯಿತು, ಕಡ್ಡಿ ತಲೆಯ ಮೇಲಕ್ಕೆ ಬಂತು. ಬೆಲೆಬಾಳುವುದನ್ನೆಲ್ಲ ಒಳಗಿಟ್ಟು, ಯಾವ ಬೆಲೆಯೂ ಇಲ್ಲದ್ದರ ಅಡಿಯಲ್ಲಿ ಕೂತು, ಇದೇ ನನಗೆ ಆಶ್ರಯ ಎಂದು ಹೇಳುವ ಹಬ್ಬ ಇದು. ಸುಗ್ಗಿಗೂ ಗುಡಿಸಲಿಗೂ ಏನು ಸಂಬಂಧ ಎಂದು ಕೇಳಿದಿರಲ್ಲ, ಆ ಗಂಟು ಬಿಚ್ಚುವುದು ಇಲ್ಲಿ.

ಅಳತೆಗಳಲ್ಲೂ ಇದೇ ಮಾತು. ಇಲ್ಲಿನ ಮಾನ ‘ತೆಫಾಹ್’, ಮುಷ್ಟಿಯ ಅಗಲ. ಒಂದು ಲೆಕ್ಕದಲ್ಲಿ 8 ಸೆಂ.ಮೀ., ಇನ್ನೊಂದರಲ್ಲಿ 9.6. ಸುಕ್ಕಾದ ಒಳಗಿನ ಎತ್ತರ 10 ತೆಫಾಹ್‌ಗಿಂತ, ಅಂದರೆ 80ರಿಂದ 96 ಸೆಂ.ಮೀ.ಗಿಂತ, ಕಡಿಮೆ ಇರಬಾರದು. ಉದ್ದ ಅಗಲ ಕನಿಷ್ಠ 7 ತೆಫಾಹ್. ತಲೆ, ಮೈಯ ಹೆಚ್ಚಿನ ಭಾಗ, ಒಂದು ಪುಟ್ಟ ಮೇಜು ಹಿಡಿಸುವಷ್ಟು. ಗರಿಷ್ಠ ಎತ್ತರ 20 ಮೊಳ, ಬಿಗಿಯಾದ ಲೆಕ್ಕದಲ್ಲಿ ಸುಮಾರು 9.6 ಮೀಟರ್. ಅದಕ್ಕಿಂತ ಎತ್ತರ ಏಕೆ ಕೂಡದು ಎಂಬುದಕ್ಕೆ ತಾಲ್ಮುದ್‌ನಲ್ಲಿ ಮೂವರು ರಬ್ಬಿಗಳು (ಧರ್ಮಪಂಡಿತರು) ಮೂರು ಕಾರಣ ಕೊಡುತ್ತಾರೆ. ಅಷ್ಟು ಮೇಲಿದ್ದರೆ ಕಣ್ಣು ಛಾವಣಿಯತ್ತ ಹೋಗದು, ಗುಡಿಸಲಲ್ಲಿದ್ದೇನೆಂಬ ಅರಿವೇ ಬಾರದು ಎನ್ನುತ್ತಾನೆ ರಬ್ಬಾ. ಆಗ ಕೂತದ್ದು ಗೋಡೆಯ ನೆರಳಲ್ಲಾಗುತ್ತದೆ, ಸ್ಖಾಖ್‌ನ ನೆರಳಲ್ಲಲ್ಲ ಎನ್ನುತ್ತಾನೆ ರಬ್ಬಿ ಜೇರಾ. ರಾವಾ ಹೇಳುವುದು ಬೇರೆ: ಏಳು ದಿನ ಶಾಶ್ವತ ಮನೆ ಬಿಟ್ಟು ತಾತ್ಕಾಲಿಕ ಮನೆಯಲ್ಲಿರು ಎಂದಿದೆ ಧರ್ಮಗ್ರಂಥ, ಅಷ್ಟೆತ್ತರ ಕಟ್ಟುವವನು ಶಾಶ್ವತವಾದದ್ದನ್ನೇ ಕಟ್ಟುತ್ತಾನೆ. ಅರಿವು, ಯಾರ ನೆರಳಲ್ಲಿ ಕೂತಿದ್ದೇವೆ ಎಂಬುದು, ಅಶಾಶ್ವತತೆ: ಹಬ್ಬದ ತತ್ವ ಇಷ್ಟೂ ಒಂದು ಎತ್ತರದ ಮಿತಿಯಲ್ಲಿ ಅಡಗಿದೆ.

ಛಾವಣಿಯ ದಪ್ಪಕ್ಕೂ ಹದವಿದೆ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಇನ್ನೊಂದು ಕಡೆ, ದೊಡ್ಡ ನಕ್ಷತ್ರಗಳಾದರೂ ಕಾಣುವಂತಿದ್ದರೆ ಉತ್ತಮ. ಜೋರು ಮಳೆಯೂ ತೊಟ್ಟಿಕ್ಕದಷ್ಟು ದಪ್ಪ ಹಾಕಿದರೆ ಅದು ಮನೆಯೇ ಆಯಿತು, ಸುಕ್ಕಾ ಅಲ್ಲ ಎಂಬುದು ಒಂದು ಬಲವಾದ ಮತ. ಅದಕ್ಕೆ ತಲೆಬಾಗಿ ಸಾಮಾನ್ಯವಾಗಿ ಅಷ್ಟು ದಪ್ಪ ಹಾಕುವುದಿಲ್ಲ. 4 ತೆಫಾಹ್ ಅಗಲದ ಹಲಗೆಗಳೂ ಇದೇ ಕಾರಣಕ್ಕೆ ನಿಷಿದ್ಧ, ಮನೆಯ ಮಾಡಿನಂತೆ ಕಾಣುತ್ತವೆ ಎಂದು.

ಎಡವಟ್ಟಾಗುವುದು ಎಲ್ಲಿ? ಮೊದಲನೆಯದು ಜಾಗ. ಸುಕ್ಕಾ ಬಯಲು ಆಕಾಶದ ಕೆಳಗಿರಬೇಕು. ಮರದಡಿಯಲ್ಲೋ ಮೇಲಿನ ಮನೆಯ ಬಾಲ್ಕನಿಯ ಅಡಿಯಲ್ಲೋ ಕಟ್ಟಿದರೆ ಕೆಲಸಕ್ಕೆ ಬಾರದು. ಇಸ್ರೇಲ್‌ನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಲ್ಕನಿಗಳು ಒಂದರ ಮೇಲೊಂದು ಬರದೆ ಆಚೀಚೆ ಜರುಗಿರುವುದನ್ನು ನೋಡಿರಬಹುದು. ಎರಡನೆಯದು ಬಟ್ಟೆಯ ಗೋಡೆ. ಗಾಳಿಗೆ ಪಟಪಟ ಬಡಿದುಕೊಂಡರೆ ಅದು ಗೋಡೆ ಎನಿಸದು, ನೆಲದಿಂದ 10 ತೆಫಾಹ್‌ವರೆಗೆ, 3 ತೆಫಾಹ್‌ಗಿಂತ (ಸುಮಾರು 24 ಸೆಂ.ಮೀ.) ಕಡಿಮೆ ಅಂತರದಲ್ಲಿ ಅಡ್ಡ ಹಗ್ಗಗಳನ್ನು ಬಿಗಿದರೆ ಆ ಹಗ್ಗಗಳೇ ಶಾಸ್ತ್ರದ ಪ್ರಕಾರ ಗೋಡೆಯಾಗುತ್ತವೆ. ಮೂರನೆಯದು ಹಸಿ ಸೊಪ್ಪು. ಕಟ್ಟಿದ ದಿನ ದಟ್ಟವಾಗಿ ಕಾಣುವ ಸೊಪ್ಪು ಮೂರು ದಿನಕ್ಕೆ ಮುದುಡಿ, ಉದುರಿ, ಬಿಸಿಲು ನೆರಳನ್ನು ಮೀರುತ್ತದೆ. ಅದಕ್ಕೇ ಖರ್ಜೂರದ ಗರಿ, ಬಿದಿರು, ಜೊಂಡು ಮೇಲು. ನಾಲ್ಕನೆಯದು ಪ್ಲಾಸ್ಟಿಕ್ ಹಾಳೆ. ಮಳೆಗೆ ಅಡ್ಡವಾಗಿ ಮೇಲೆ ಹೊದಿಸಿದರೆ, ಅದು ಇರುವಷ್ಟು ಹೊತ್ತು ಸುಕ್ಕಾ ಇಲ್ಲ. ತೆಗೆದ ಮೇಲೆ ಕೂರಬೇಕು. ಗೋಡೆಗೆ ಮೊದಲು ಛಾವಣಿ ಹಾಕುವುದೂ ತಪ್ಪು, ಗೋಡೆ ಮೊದಲು, ಸ್ಖಾಖ್ ಕೊನೆಗೆ.

ಹಾಗಾದರೆ ಈ ಗುಡಿಸಲು ಯಾವುದರ ನೆನಪು? ಯಾಜಕಕಾಂಡದ 23ನೇ ಅಧ್ಯಾಯದಲ್ಲಿ, ಈಜಿಪ್ಟಿನಿಂದ ಹೊರತಂದಾಗ ನಾನು ಇಸ್ರಾಯೇಲರನ್ನು ಗುಡಿಸಲುಗಳಲ್ಲಿ ಇರಿಸಿದೆನೆಂದು ನಿಮ್ಮ ಸಂತತಿಯವರು ತಿಳಿಯಲಿ ಎಂದಿದೆ. ರಬ್ಬಿ ಅಕಿವಾ ಇದನ್ನು ಇದ್ದಂತೆಯೇ ಓದುತ್ತಾನೆ, ಅವು ನಿಜವಾದ ಗುಡಿಸಲುಗಳು. ರಬ್ಬಿ ಎಲಿಯೇಜರ್ ಪ್ರಕಾರ ಅವು ಅರಣ್ಯದಲ್ಲಿ ಜನರನ್ನು ಸುತ್ತುವರಿದು ಕಾದ ದೈವಮಹಿಮೆಯ ಮೇಘಗಳು. (ಇನ್ನೊಂದು ಪ್ರಾಚೀನ ಪಾಠದಲ್ಲಿ ಇಬ್ಬರ ಹೆಸರು ಅದಲುಬದಲಾಗಿದೆ.) ಒಬ್ಬನಿಗೆ ಸುಕ್ಕಾ ಎಂದರೆ ದೇವರು ಕೊಟ್ಟ ರಕ್ಷಣೆ. ಇನ್ನೊಬ್ಬನಿಗೆ ಅದು ಯಾವ ರಕ್ಷಣೆಯೂ ಇಲ್ಲದೆ ದೇವರನ್ನು ನಂಬಿ ಮರುಭೂಮಿಗೆ ನಡೆದ ಜನರ ಧೈರ್ಯ. ಸಂಪ್ರದಾಯ ಇವೆರಡನ್ನೂ ಉಳಿಸಿಕೊಂಡಿದೆ, ಮತ್ತು ಸೋರುವ ಛಾವಣಿಯ ಕೆಳಗೆ ಎರಡೂ ನಿಜವೇ.

ಇಲ್ಲಿ ನಮ್ಮ ಕಡೆಯ ಓದುಗರು ಸುಲಭವಾಗಿ ಒಂದು ತಪ್ಪು ಎಣಿಕೆಗೆ ಬೀಳುತ್ತಾರೆ. ಗುಡಿಸಲು ಎಂದೊಡನೆ ಋಷ್ಯಾಶ್ರಮ, ತಪಸ್ಸು, ದೇಹದಂಡನೆ ಮನಸ್ಸಿಗೆ ಬರುತ್ತವೆ. ಸುಕ್ಕೋತ್‌ನಲ್ಲಿ ಅದ್ಯಾವುದೂ ಇಲ್ಲ. ಮನೆಯ ಒಳ್ಳೆಯ ತಟ್ಟೆ, ಒಳ್ಳೆಯ ಹಾಸಿಗೆ ಗುಡಿಸಲಿಗೆ ಬರಬೇಕು ಎಂಬುದು ವಿಧಿ. ಚಳಿ, ನೊಣ, ದುರ್ವಾಸನೆಯಿಂದ ನಿಜಕ್ಕೂ ಸಂಕಟಪಡುವವನಿಗೆ ಸುಕ್ಕಾದಲ್ಲಿ ಇರುವ ಹೊಣೆಯೇ ಇಲ್ಲ. ರೋಗಿಗೂ ಅವನ ಆರೈಕೆ ಮಾಡುವವರಿಗೂ ವಿನಾಯಿತಿ. ಗಂಜಿ ಕೆಡುವಷ್ಟು ಮಳೆ ಬಿದ್ದರೆ ಎದ್ದು ಒಳಗೆ ಹೋಗಬಹುದು ಎನ್ನುತ್ತದೆ ತಾಲ್ಮುದ್‌ನ ಮೂಲಪಾಠವಾದ ಮಿಷ್ನಾ, ಜೊತೆಗೆ ಒಂದು ಉಪಮೆಯನ್ನೂ ಕೊಡುತ್ತದೆ: ಒಡೆಯನಿಗೆ ಪಾನಪಾತ್ರೆ ತುಂಬಲು ಆಳು ಬಂದ, ಒಡೆಯ ಹೂಜಿಯ ನೀರನ್ನು ಅವನ ಮುಖಕ್ಕೇ ಎರಚಿದ. ಆಮೇಲೂ ಹಟ ಹಿಡಿದು ನೆನೆಯುತ್ತ ಕೂರುವವನಿಗೆ ಪುಣ್ಯವಿಲ್ಲ, ಅವನು ಮೂಢ ಎಂದೇ ಶಾಸ್ತ್ರಕಾರರ ಮಾತು. ಮೊದಲ ರಾತ್ರಿ ಮಾತ್ರ ಗುಡಿಸಲಲ್ಲಿ ಆಲಿವ್ ಕಾಯಿಯ ಗಾತ್ರದ ರೊಟ್ಟಿಯನ್ನಾದರೂ ತಿನ್ನುವುದು ಕಡ್ಡಾಯವಾದ್ದರಿಂದ, ಮಳೆ ನಿಲ್ಲಲೆಂದು ತಡರಾತ್ರಿಯವರೆಗೆ ಕಾಯುವವರಿದ್ದಾರೆ.

ಪ್ರಾರ್ಥನೆಗಳಲ್ಲಿ ಈ ಹಬ್ಬಕ್ಕಿರುವ ಹೆಸರೇ ‘ನಮ್ಮ ಸಂತೋಷದ ಕಾಲ’. ಆ ಸಂತೋಷದ ಜೊತೆಗೇ ಅನೇಕ ಸಮುದಾಯಗಳು ಹಬ್ಬದ ನಡುವಿನ ಸಬ್ಬತ್ತಿನಂದು (ಶನಿವಾರದ ವಿಶ್ರಾಂತಿದಿನ) ಬೈಬಲಿನ ‘ಪ್ರಸಂಗಿ’ಯನ್ನು ಓದುತ್ತವೆ. ಎಲ್ಲವೂ ವ್ಯರ್ಥ, ಹುಟ್ಟಲು ಒಂದು ಸಮಯ ಸಾಯಲು ಒಂದು ಸಮಯ ಎನ್ನುವ ಆ ಗ್ರಂಥ ಸುಗ್ಗಿಯ ಪಂಕ್ತಿಯಲ್ಲಿ ಕೇಳಿಬರುವುದು ವಿಚಿತ್ರವೆನಿಸಬಹುದು. ಕೈಯಲ್ಲಿರುವುದು ಜಾರಿಹೋಗುತ್ತದೆಂದು ತಿಳಿದೂ ಉಣ್ಣು, ಕುಡಿ, ದುಡಿಮೆಯಲ್ಲಿ ಸುಖಪಡು, ಅದು ದೇವರ ವರ ಎನ್ನುವುದೂ ಅದೇ ಗ್ರಂಥ.

ನೀವು ಹೋದಾಗ ನಾಲ್ಕು ಸಸ್ಯಗಳನ್ನು ಹಿಡಿದು ಅಲುಗಿಸುವುದನ್ನು ನೋಡಬಹುದು: ಒಂದು ಮಾದಲ ಹಣ್ಣು (ಎತ್ರೋಗ್), ಇನ್ನೂ ಬಿಚ್ಚಿಕೊಳ್ಳದ ಒಂದು ಖರ್ಜೂರದ ಸುಳಿ (ಲುಲಾವ್), ಮೂರು ಮಿರ್ಟಲ್ ಕಡ್ಡಿ (ಹದಸ್), ಎರಡು ನೀರವಂಜಿ ಕಡ್ಡಿ (ಅರಾವಾ). ಸುಳಿಯ ಬೆನ್ನು ನಿಮ್ಮ ಕಡೆಗೆ, ಅದರ ಬಲಕ್ಕೆ ಮಿರ್ಟಲ್, ಎಡಕ್ಕೆ ಸ್ವಲ್ಪ ಕೆಳಗೆ ನೀರವಂಜಿ. ಈ ಕಟ್ಟು ಬಲಗೈಯಲ್ಲಿ. ಎಡಗೈಯಲ್ಲಿ ಮಾದಲವನ್ನು ಮೊದಲು ತಲೆಕೆಳಗಾಗಿ ಹಿಡಿದು ಮಂತ್ರ ಹೇಳಿ, ಆಮೇಲೆ ನೆಟ್ಟಗೆ ಮಾಡಿ, ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತಾರೆ. ದಿಕ್ಕುಗಳ ಕ್ರಮ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಸುಳಿಯ ಬೆನ್ನೆಲುಬು 4 ತೆಫಾಹ್, ಉಳಿದೆರಡು ಕಡ್ಡಿ 3 ತೆಫಾಹ್, ಹಣ್ಣು ಕೋಳಿಮೊಟ್ಟೆಗಿಂತ ಸಣ್ಣದಿರಬಾರದು. ತುದಿಯ ಮೊಗ್ಗು ಮುರಿದ ಹಣ್ಣು, ತುದಿ ಸೀಳಿದ ಸುಳಿ ದೋಷದವು. ನಿಂಬೆಗೆ ಕಸಿ ಕಟ್ಟಿದ ಮಾದಲವನ್ನು ಒಪ್ಪುವುದಿಲ್ಲ. ಸಿಪ್ಪೆ ದಪ್ಪ, ರಸ ಕಡಿಮೆ, ಬೀಜಗಳು ಹಣ್ಣಿನ ಉದ್ದಕ್ಕೆ ನಿಂತಿರುವುದು ಶುದ್ಧ ತಳಿಯ ಗುರುತುಗಳು. ಎಲ್ಲಕ್ಕಿಂತ ಬೇಗ ಕೆಡುವುದು ನೀರವಂಜಿ. ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೂ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಮಾದಲದ ತವರು ಹಿಮಾಲಯದ ತಪ್ಪಲು, ಈಶಾನ್ಯ ಭಾರತದ ಕಡೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಜೆರುಸಲೇಮ್ ಪಕ್ಕದ ರಾಮತ್ ರಾಹೇಲ್‌ನಲ್ಲಿ, ಪರ್ಷಿಯನ್ ಆಳ್ವಿಕೆಯ ಕಾಲದ ರಾಜೋದ್ಯಾನದ ಗಾರೆಯಲ್ಲಿ, ಅದರ ಪರಾಗ ಸಿಕ್ಕಿದೆ. ರೋಮನ್ನರ ವಿರುದ್ಧ 132ರಿಂದ 135ರವರೆಗೆ ದಂಗೆಯೆದ್ದ ಬಾರ್ ಕೋಖ್ಬಾ ತನ್ನ ಪಾಳೆಯಕ್ಕೆ ಈ ನಾಲ್ಕೂ ಸಸ್ಯಗಳನ್ನು ಕಳಿಸಿಕೊಡಲು ಬರೆಸಿದ ಪತ್ರ ಯೂದಾಯದ ಮರುಭೂಮಿಯ ಗುಹೆಯೊಂದರಲ್ಲಿ ದೊರೆತಿದೆ. ಸಾಗಿಸಲು ಎರಡು ಕತ್ತೆಗಳನ್ನು ಕಳಿಸಿದ್ದೇನೆ ಎಂಬ ವಿವರವೂ ಅದರಲ್ಲಿದೆ.

ಈ ನಾಲ್ಕರ ಅರ್ಥವನ್ನು ಒಂದು ಹಳೆಯ ಮಿದ್ರಾಷ್ (ಬೈಬಲಿನ ವ್ಯಾಖ್ಯಾನ) ಹೀಗೆ ಹೇಳುತ್ತದೆ. ಮಾದಲಕ್ಕೆ ರುಚಿಯೂ ಪರಿಮಳವೂ ಇದೆ, ಖರ್ಜೂರಕ್ಕೆ ರುಚಿ ಮಾತ್ರ, ಮಿರ್ಟಲ್‌ಗೆ ಪರಿಮಳ ಮಾತ್ರ, ನೀರವಂಜಿಗೆ ಎರಡೂ ಇಲ್ಲ. ರುಚಿ ಎಂದರೆ ವಿದ್ಯೆ, ಪರಿಮಳ ಎಂದರೆ ಸತ್ಕಾರ್ಯ. ನಾಲ್ಕು ಬಗೆಯ ಜನರೂ ಒಂದೇ ಕಟ್ಟಾಗಲಿ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಲಿ. ನೀರವಂಜಿಯನ್ನು ಬಿಟ್ಟರೆ ಕರ್ಮವೇ ಪೂರ್ತಿಯಾಗದು. ಅಷ್ಟೇ ಅಲ್ಲ, ಏಳನೆಯ ದಿನವಾದ ಹೋಷಾನಾ ರಬ್ಬಾದಂದು ಏಳು ಪ್ರದಕ್ಷಿಣೆ ಮುಗಿಸಿ ಕೈಯಲ್ಲಿ ಹಿಡಿಯುವುದು ನೀರವಂಜಿಯನ್ನು ಮಾತ್ರ. ಅದನ್ನು ನೆಲಕ್ಕೆ ಬಡಿಯುತ್ತಾರೆ.

ನೀರವಂಜಿ ಹೊಳೆದಂಡೆಯ ಗಿಡ. ಈ ನಾಲ್ಕು ನೀರಿಲ್ಲದೆ ಬದುಕವು, ಲೋಕವೂ ನೀರಿಲ್ಲದೆ ಬದುಕದು. ಅದಕ್ಕೇ ಇವನ್ನು ಹಿಡಿದು ಬೇಡುವುದು ಎನ್ನುತ್ತಾನೆ ರಬ್ಬಿ ಎಲಿಯೇಜರ್. ಈ ಹಬ್ಬದಲ್ಲಿ ಲೋಕದ ಪಾಲಿನ ನೀರಿನ ತೀರ್ಪಾಗುತ್ತದೆ ಎಂಬ ನಂಬಿಕೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಗುವವರೆಗೆ ಹಬ್ಬದ ಪ್ರತಿದಿನ ಬೆಳಗ್ಗೆ ಶಿಲೋಹದ ಕೊಳದಿಂದ ಚಿನ್ನದ ಹೂಜಿಯಲ್ಲಿ ಮೂರು ಲೋಗ್, ಸುಮಾರು ಒಂದು ಲೀಟರ್, ನೀರು ತಂದು ಬಲಿಪೀಠಕ್ಕೆ ಎರೆಯುತ್ತಿದ್ದರು. ಹಿಂದಿನ ರಾತ್ರಿಯೆಲ್ಲ ದೀಪ, ಕುಣಿತ, ಹಾಡು. ಆ ಸಂತೋಷ ಕಾಣದವನು ಸಂತೋಷವನ್ನೇ ಕಂಡಿಲ್ಲ ಎಂದು ಮಿಷ್ನಾ ನೆನೆಯುತ್ತದೆ. ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲಿ, ಬಾಯಾರಿದವನು ನನ್ನ ಬಳಿಗೆ ಬರಲಿ ಎಂದು ಯೇಸು ಕೂಗಿ ಹೇಳುವುದೂ ಇದೇ ಹಬ್ಬದ ಕೊನೆಯ ದಿನ; ಈ ನೀರಿನ ಹಿನ್ನೆಲೆ ತಿಳಿದರೆ ಆ ಮಾತು ಹೆಚ್ಚು ಸ್ಪಷ್ಟವಾಗುತ್ತದೆ. ಇಷ್ಟೆಲ್ಲ ನೀರಿನ ಮಾತಾಡಿಯೂ ಹಬ್ಬದ ಏಳು ದಿನ ಮಳೆಯನ್ನು ನೇರವಾಗಿ ಕೇಳುವುದಿಲ್ಲ. ಮಳೆ ಬಂದರೆ ಗುಡಿಸಲಲ್ಲಿ ಕೂರಲಾಗದು. ಎಂಟನೆಯ ದಿನ, ಶೆಮಿನಿ ಅತ್ಸೆರೆತ್‌ನಂದು, ಸುಕ್ಕಾದ ವ್ರತ ಮುಗಿದ ಮೇಲೆ ಮಳೆಯ ಪ್ರಾರ್ಥನೆ ಹೇಳುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಖಂಡಿತ ಹೋಗಿ ಕೂರಬಹುದು. ಅರಣ್ಯಕಾಂಡದ 29ನೇ ಅಧ್ಯಾಯದ ಪ್ರಕಾರ ಈ ಏಳು ದಿನಗಳಲ್ಲಿ 13, 12, 11 ಎಂದು ಇಳಿಯುತ್ತ 7ರವರೆಗೆ, ಒಟ್ಟು 70 ಹೋರಿಗಳ ಬಲಿ ಇತ್ತು. ಅದು ಲೋಕದ 70 ಜನಾಂಗಗಳ ಹೆಸರಿನಲ್ಲಿ ಎಂದು ತಾಲ್ಮುದ್ ಹೇಳುತ್ತದೆ. ಮುಂದೊಂದು ದಿನ ಎಲ್ಲ ಜನಾಂಗಗಳೂ ಈ ಹಬ್ಬಕ್ಕೆ ಜೆರುಸಲೇಮಿಗೆ ಬರುತ್ತವೆ ಎಂಬುದು ಪ್ರವಾದಿ ಜೆಕರ್ಯನ ಮಾತು. ಅತಿಥಿಯೇ ಇಲ್ಲದ ಸುಕ್ಕಾ ಅರೆಬರೆ. ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದ, ಹೀಗೆ ದಿನಕ್ಕೊಬ್ಬ ಪೂರ್ವಜನನ್ನು ಅತಿಥಿಯಾಗಿ ಆಹ್ವಾನಿಸುವ ವಾಡಿಕೆಯಿದೆ (ಕೆಲವರ ಕ್ರಮದಲ್ಲಿ ಯೋಸೇಫ ಮೊದಲೇ ಬರುತ್ತಾನೆ). ಬಡವರಿಗೆ ಪಾಲು ಕೊಡದಿದ್ದರೆ ಆ ಅತಿಥಿಗಳು ಎದ್ದು ಹೋಗುತ್ತಾರೆ ಎನ್ನುತ್ತದೆ ಯೆಹೂದಿ ಅನುಭಾವದ ಗ್ರಂಥ ಜೋಹರ್. ಬಾಗಿಲು ಹಾಕಿಕೊಂಡು ಹೆಂಡತಿಮಕ್ಕಳೊಡನೆ ಮಾತ್ರ ಉಣ್ಣುವವನದು ಹೊಟ್ಟೆಯ ಸಂತೋಷ, ಆಜ್ಞೆಯ ಸಂತೋಷವಲ್ಲ ಎಂದು ಧರ್ಮಶಾಸ್ತ್ರಕಾರ ಮೈಮೊನಿಡಿಸ್ 12ನೇ ಶತಮಾನದಲ್ಲಿ ಕಟುವಾಗಿಯೇ ಬರೆದಿದ್ದಾನೆ.

ಹೋಗುವ ಮುನ್ನ ಯಾವ ದಿನ ಎಂದು ಕೇಳಿಕೊಳ್ಳಿ. 2026ರಲ್ಲಿ ಮೊದಲ ದಿನ ಸಬ್ಬತ್ತೂ ಹೌದು. ಆಚಾರವಂತರ ಮನೆಯಾದರೆ ಅಂದು ಫೋನ್, ಫೋಟೋ ಬೇಡ, ನಾಲ್ಕು ಸಸ್ಯಗಳನ್ನೂ ಅಂದು ಎತ್ತುವುದಿಲ್ಲ. ನಡುವಿನ ದಿನಗಳಲ್ಲಿ ಇಷ್ಟು ಬಿಗಿಯಿಲ್ಲ. ಮನೆಯಲ್ಲಿ ಮಾಡಿದ ತಿಂಡಿಯನ್ನು ಒಯ್ಯಬೇಡಿ, ಅವರ ಆಹಾರ ನಿಯಮಕ್ಕೆ ಹೊಂದದು. ಕೋಷರ್ (ಆ ನಿಯಮಕ್ಕೆ ಒಪ್ಪುವ) ಮುದ್ರೆಯಿರುವ, ಬಿಚ್ಚದ ವೈನ್ ಒಯ್ಯಬಹುದು. ಅದನ್ನು ಬಿಚ್ಚಿ ಸುರಿಯುವ ಕೆಲಸ ಮಾತ್ರ ಮನೆಯವರಿಗೇ ಬಿಡಿ, ಕಟ್ಟುನಿಟ್ಟಿನ ಮನೆಗಳಲ್ಲಿ ಅದಕ್ಕೂ ನಿಯಮವಿದೆ. ಗುಡಿಸಲಲ್ಲಿ ತೂಗುಬಿಟ್ಟ ಹಣ್ಣನ್ನು ಕಿತ್ತು ತಿನ್ನಬೇಡಿ, ಅಲಂಕಾರಕ್ಕೆ ಮೀಸಲಿಟ್ಟದ್ದು ಹಬ್ಬ ಮುಗಿಯುವವರೆಗೆ ಮುಟ್ಟುವಂತಿಲ್ಲ. ಸಂದುಬಿಟ್ಟ ಗರಿ ಕಂಡರೆ ಸರಿಪಡಿಸಲು ಹೋಗದೆ ಮನೆಯವರಿಗೆ ಹೇಳಿ. ಇಸ್ರೇಲ್‌ನಲ್ಲಿ ಆ ಹೊತ್ತಿಗೆ ಕೆಲವೆಡೆ ರಾತ್ರಿ ತಣ್ಣಗಿರಬಹುದು, ಒಂದು ಸ್ವೆಟರ್ ಜೊತೆಗಿರಲಿ.